ಹರಿಯಬೇಕಾದ ಬಟ್ಟೆ

ನಮ್ಮವರಷ್ಟು ಪುಕ್ಕಲರನ್ನು ನಾನು ಬೇರೆ ಕಂಡಿಲ್ಲ. ಕಟ್ಟಿಕೊಂಡ ಹೆಂಡತಿ ಹೀಗೆ ಹೇಳಬಾರದು ಅನ್ನುತ್ತೀರೇನೋ. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ನಾನಲ್ಲದೆ ಇನ್ಯಾರು ಹೇಳಬೇಕು? ಯಾರ ಮನೆಗೆ ಹೋದರೂ ಅವರು ಮೊದಲು ತಲೆಯೆತ್ತಿ ಫ್ಯಾನಿನ ಕೊಂಡಿ ನೋಡುತ್ತಾರೆ, ಮನೆಯವರ ಮುಖ ಆಮೇಲೆ. ಬಸ್ಸಿನಲ್ಲಿ ಬಾಗಿಲ ಹತ್ತಿರ ಸೀಟು ಸಿಗದಿದ್ದರೆ ಕೊನೆಯವರೆಗೂ ನಿಂತೇ ಬರುತ್ತಾರೆ. ನಮ್ಮ ಮಲಗುವ ಕೋಣೆಯಲ್ಲಿ ಬೀರು ಒಂದು ಮೂಲೆಗಿದ್ದರೆ ಮಂಚ ಅದರ ಎದುರು ಮೂಲೆಗೆ. ಬೀರು ಮುಗ್ಗರಿಸಿ ಬಿದ್ದರೆ ಎಲ್ಲಿಯವರೆಗೆ ಬರುತ್ತದೆಂದು ಮದುವೆಯಾದ ಮೂರನೆಯ ದಿನ ಟೇಪು ಹಿಡಿದು ಅಳೆದ ಮಹಾನುಭಾವರು. ಗಾಳಿ ಬಂದಾಗ ತೂರಿಕೋ ಎಂದು ಗಾದೆಯಿದೆ. ಇವರು ಗಾಳಿ ಬಂದಾಗ ಮನೆ ಸೇರಿಕೋ ಅನ್ನುವ ಪೈಕಿ.

ಇಂಥವರಿಗೆ ಸಿಕ್ಕ ಕೆಲಸವೋ, ಗಾಳಿಯ ಜೊತೆಗೇ. ನಮ್ಮ ಊರಿನ ಪಾರ್ಕುಗಳಲ್ಲಿ ಮಳೆಗಾಲವೊಂದನ್ನು ಬಿಟ್ಟು ವರ್ಷವಿಡೀ ಭಾನುವಾರ ಸಂಜೆ ಏನಾದರೊಂದು ಇರುತ್ತದೆ. ಒಂದು ವಾರ ಸಂಗೀತ, ಒಂದು ವಾರ ನಾಟಕ, ಇನ್ನೊಂದು ವಾರ ಗೊಂಬೆಯಾಟ, ಜಾದೂ. ಕಲಾವಿದರ ಬೆನ್ನ ಹಿಂದೆ ನಲವತ್ತಡಿ ಅಗಲ, ಇಪ್ಪತ್ತಡಿ ಎತ್ತರದ ಬಿಳಿ ಕ್ಯಾನ್ವಾಸು ಪರದೆ ಕಟ್ಟುವುದು ನಮ್ಮವರ ಕೆಲಸ. ಅದಿಲ್ಲದಿದ್ದರೆ ಹಾಡುವವರ ಹಿಂದೆ ಓಡುವವರು, ನಾಯಿ ಹಿಡಿದವರು, ಐಸ್‌ಕ್ರೀಮಿನ ಗಾಡಿ ಎಲ್ಲವೂ ಕಾಣುತ್ತವೆ. ಎರಡು ಕಬ್ಬಿಣದ ಕಂಬ ನೆಟ್ಟು, ಅವಕ್ಕೆ ಹಗ್ಗ ಎಳೆದು ಗೂಟಕ್ಕೆ ಬಿಗಿದು, ನಡುವೆ ಪರದೆ ಕಟ್ಟುತ್ತಾರೆ. ಆ ಪರದೆಯನ್ನು ಹೊಲಿಯುವವಳು ನಾನು. ಹೊಸ ಪರದೆ ಹೊಲಿಯುವ ವಾರ ನಮ್ಮ ಮನೆಯಲ್ಲಿ ನೆಲ ಕಾಣುವುದಿಲ್ಲ. ಮುಂದಿನ ಕೋಣೆಯ ಮಷೀನಿನಿಂದ ಇಳಿದ ಬಟ್ಟೆ ನಡುಮನೆ ದಾಟಿ ಅಡುಗೆಮನೆಯ ಹೊಸ್ತಿಲವರೆಗೆ ಮಲಗಿರುತ್ತದೆ. ಒಲೆಯ ಮೇಲಿನ ಪಾತ್ರೆಯನ್ನು ಊಟಕ್ಕೆ ತರುವುದೆಂದರೆ ಬಟ್ಟೆ ತುಳಿಯದೆ ಗೋಡೆಗೆ ಬೆನ್ನು ಹಚ್ಚಿ ನಡೆಯುವುದು.

ಪಾರ್ಕಿನ ಕೆಲಸದವರೆಲ್ಲ ಅವರನ್ನು 'ಪುಕ್ಕಲು ಮೇಸ್ತ್ರಿ' ಎಂದೇ ಕರೆಯುತ್ತಾರೆ, ಅದೂ ಮುಖದ ಮೇಲೆ. ಇವರು "ಏನಪ್ಪಾ?" ಎಂದು ಓಗೊಡುತ್ತಾರೆ ಬೇರೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಹೆದರಿಕೆಗೊಂದು ಬೇರಿದೆ. ಈ ಕೆಲಸವನ್ನು ಅವರು ಕಲಿತದ್ದು ಅವರ ಸೋದರಮಾವನಿಂದ. ಆತ ಎದೆಗಾರ. ಪೇಟೆಯಲ್ಲಿ ಸಿಗುವ ಎಲ್ಲಕ್ಕಿಂತ ದಪ್ಪ ಬಟ್ಟೆ ತಂದು, ನಾಲ್ಕು ನಾಲ್ಕು ಸಾಲು ಹೊಲಿಸಿ, "ಇದನ್ನ ಹರಿಯೋ ಗಾಳಿ ಇನ್ನೂ ಹುಟ್ಟಿಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದರಂತೆ. ಒಂದು ಸಂಜೆ ಪಾರ್ಕಿನಲ್ಲಿ ನಾಟಕದ ನಡುವೆ ಗಾಳಿ ಎದ್ದಿತು. ಬಟ್ಟೆ ಹರಿಯಲಿಲ್ಲ. ಹಡಗಿನ ಹಾಯಿಯ ಹಾಗೆ ಗಾಳಿಯನ್ನೆಲ್ಲ ತುಂಬಿಕೊಂಡು ಕಂಬವನ್ನೇ ಕಿತ್ತು ಕೆಡವಿತು. ಕಂಬದ ಕೆಳಗೆ ಸೋದರಮಾವ ಇದ್ದರು. ನಮ್ಮವರಿಗೆ ಆಗ ಹತ್ತೊಂಬತ್ತು. ಬಟ್ಟೆಗೆ ಒಂದು ಗೀರೂ ಬಿದ್ದಿರಲಿಲ್ಲವಂತೆ. ಮಾವನನ್ನು ಅದರಲ್ಲೇ ಸುತ್ತಿ ಮನೆಗೆ ಹೊತ್ತು ತಂದರು.

ಮದುವೆಯಾಗಿ ವರ್ಷದ ಮೇಲೆ ನಾನು ಮೊದಲ ಪರದೆ ಹೊಲಿಯಲು ಕೂತಾಗ ಅವರು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದು ಮಾತು ಹೇಳಿದರು. "ನೋಡು, ಬಟ್ಟೆ ಹರೀಬೇಕು, ಕಂಬ ನಿಲ್ಬೇಕು. ಎಡಗಡೆ ಕಂಬಕ್ಕೆ ಬರೋ ಎಂಟು ಕುಣಿಕೆಗೆ ಹತ್ತಿ ದಾರದಲ್ಲಿ ಒಂದೇ ಸಾಲು ಹಾಕು. ಎರಡನೇ ಸಾಲು ಹಾಕ್ಬೇಡ." ಗಾಳಿ ಜೋರಾದರೆ, ಕಂಬಕ್ಕೆ ಕಟ್ಟಲು ಪರದೆಯ ಅಂಚಿಗೆ ಹೊಲಿದ ಆ ಎಂಟು ಬಟ್ಟೆಯ ಕುಣಿಕೆಗಳು ಪಟಪಟನೆ ಹರಿದು, ಪರದೆ ಬಾಗಿಲು ತೆರೆದ ಹಾಗೆ ಬಲಗಡೆಗೆ ತಿರುಗಿಬಿಡುತ್ತದೆ. ಗಾಳಿ ತನ್ನ ಪಾಡಿಗೆ ತಾನು ಹೋಗುತ್ತದೆ. ಇಷ್ಟೇ ಅವರ ವಿದ್ಯೆ. ಪ್ರದರ್ಶನ ನಡೆಯುವಷ್ಟು ಹೊತ್ತೂ ಅವರು ಎಡಗಂಬದ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಮೇಲೆ ನೋಡುತ್ತ ಕೂತಿರುತ್ತಾರೆ. ಗಾಳಿ ಏಳುವಾಗ ಮೊದಲು ಎಲೆಗಳ ಬೆನ್ನು ಕಾಣುತ್ತದೆ, ಆಮೇಲೆ ನೆಲದ ಮೇಲಿನ ಕಾಗದ ಎದ್ದು ಓಡುತ್ತದೆ, ಆಮೇಲೆ ಪರದೆಗೆ ಹೊಟ್ಟೆ ಬರುತ್ತದೆ. ಹೊಟ್ಟೆ ಬಂದ ಮೇಲೆ ಹತ್ತು ಎಣಿಸುವುದರೊಳಗೆ ಮೊದಲ ಕುಣಿಕೆ ಹರಿಯಲೇಬೇಕು.

ನನಗೆ ಹೊಲಿಗೆ ಕಲಿಸಿದವಳು ನನ್ನಮ್ಮ. ಬಟ್ಟೆ ಸವೆದು ಚಿಂದಿಯಾದರೂ ತನ್ನ ಹೊಲಿಗೆ ಬಿಚ್ಚುವುದಿಲ್ಲ ಎಂಬ ಜಂಬ ಅವಳದು. ಅಂಥವಳ ಮಗಳಿಗೆ 'ಹರಿದುಹೋಗುವ ಹಾಗೆ ಹೊಲಿ' ಎಂದರೆ ಅಡುಗೆಯವಳಿಗೆ ಅನ್ನ ಅರೆಬೇಯಿಸು ಎಂದ ಹಾಗೆ. ಆದರೂ ಇಪ್ಪತ್ತೈದು ವರ್ಷ ಹಾಗೇ ಹೊಲಿದೆ.

ಹೋದ ವರ್ಷ ಒಂದು ನಾಟಕ. ಅಂಥಾ ಗಾಳಿಯೇನೂ ಇರಲಿಲ್ಲ, ಪರದೆ ಹಳೆಯದಾಗಿತ್ತು ಅಷ್ಟೆ. ವೇದಿಕೆಯ ಮೇಲೆ ರಾಣಿ ಸತ್ತ ರಾಜನಿಗಾಗಿ ಎದೆ ಬಡಿದುಕೊಂಡು ಅಳುತ್ತಿದ್ದಾಗ ಎಂಟೂ ಕುಣಿಕೆಗಳು ಹರಿದು ಪರದೆ ಪಕ್ಕಕ್ಕೆ ಸರಿಯಿತು. ಹಿಂದೆ ಸತ್ತ ರಾಜ ಕಿರೀಟ ತೊಡೆಯ ಮೇಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬರುತ್ತಿತ್ತೇನೋ. ಆದರೆ ಪಾರ್ಕಿನ ಸಾಹೇಬರು ನಮ್ಮಿಬ್ಬರನ್ನೂ ಎಲ್ಲರ ಮುಂದೆ ಕರೆದರು. ಹರಿದ ಕುಣಿಕೆಯನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಎತ್ತಿ ಹಿಡಿದು, "ಇದನ್ನ ಹೊಲಿಗೆ ಅಂತೀರೇನಮ್ಮಾ? ನಮ್ಮನೆ ದಿಂಬಿನ ಚೀಲ ಇದಕ್ಕಿಂತ ಗಟ್ಟಿಯಾಗಿದೆ" ಅಂದರು. ಸುತ್ತ ಇದ್ದವರು ಇನ್ನೊಮ್ಮೆ ನಕ್ಕರು. 'ನಾನೇ ಹೇಳಿ ಹಾಗೆ ಹೊಲಿಸಿದ್ದು' ಎಂದು ನಮ್ಮವರು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಅವರು ನೆಲ ನೋಡುತ್ತ, "ಇನ್ಮೇಲೆ ನೋಡ್ಕೋತೀನಿ ಸಾರ್" ಅಂದರು.

ಮನೆಗೆ ಬಂದವಳೇ ಕೇಳಿದೆ. "ಯಾಕ್ರೀ, ಬಾಯಲ್ಲಿ ಏನು ತುಂಬ್ಕೊಂಡಿದ್ರಿ?"

"ನಿಜ ಹೇಳಿದ್ರೆ, ಗಟ್ಟಿಯಾಗೇ ಹೊಲಿಸು ಅಂತ ಹುಕುಂ ಮಾಡ್ತಾರೆ ಕಣೇ. ಬೈಸ್ಕೊಂಡ್ರೆ ಅಲ್ಲಿಗೆ ಮುಗೀತು. ಬೈಗುಳ ಮೈಗೆ ಅಂಟ್ಕೊಳ್ಳುತ್ತಾ?"

ಅವರ ಮೈಗೆ ಅಂಟಲಿಲ್ಲ. ನನಗೆ ಅಂಟಿತು.

ಈ ವರ್ಷದ ಹೊಸ ಪರದೆಗೆ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಅವರು ಕಂಬಗಳಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಲು ಹೋದ ಎರಡು ಮಧ್ಯಾಹ್ನ, ಎಡಗಡೆಯ ಎಂಟೂ ಕುಣಿಕೆಗಳ ಮಡಿಕೆಯೊಳಗೆ ನೈಲಾನ್ ಪಟ್ಟಿ ಇಟ್ಟು, ನೈಲಾನ್ ದಾರದಲ್ಲಿ ಮೂರು ಸಾಲು ಹೊಲಿದೆ. ಅದರ ಮೇಲೆ ಕ್ಯಾನ್ವಾಸನ್ನು ಮಡಿಚಿ, ಹೊರಗೆ ಕಾಣುವ ಹಾಗೆ ಹತ್ತಿ ದಾರದ ಒಂದೇ ಒಂದು ಸಾಲು ಹಾಕಿದೆ. ಹೊಲಿಯುವಾಗ ಮನಸ್ಸಿನಲ್ಲಿ ಸಾಹೇಬರ ಆ ಎರಡು ಬೆರಳುಗಳೇ ಇದ್ದವು. ಸೋದರಮಾವನ ನೆನಪು ಬರಲಿಲ್ಲವೇ ಎಂದು ಕೇಳಿದರೆ, ಬಂತು. ಎಂದೋ ಆದದ್ದು ಎಂದು ಪಕ್ಕಕ್ಕೆ ತಳ್ಳಿದೆ.

ಸಂಜೆ ಅವರು ಬಂದು ಚಾಪೆಯ ಮೇಲೆ ಕೂತು ಕುಣಿಕೆಗಳನ್ನು ಎಣಿಸಿದರು. ಎಂಟು. ಸಾಲು ನೋಡಿದರು. ಒಂದೇ. "ಸರಿ ಇದೆ" ಎಂದು ಎದ್ದರು. ಇಪ್ಪತ್ತೈದು ವರ್ಷದಲ್ಲಿ ನನ್ನ ಹೊಲಿಗೆಯನ್ನು ಅವರು ಒಮ್ಮೆಯೂ ಎಳೆದು ನೋಡಿದವರಲ್ಲ. ಫ್ಯಾನಿನ ಕೊಂಡಿಯನ್ನು ನಂಬದ ಮನುಷ್ಯ ನನ್ನ ಸೂಜಿಯನ್ನು ನಂಬಿದ್ದರು.

ನಾಲ್ಕು ಭಾನುವಾರ ಸುಸೂತ್ರವಾಗಿ ಕಳೆದವು. ಪರದೆ ಗೋಡೆಯ ಹಾಗೆ ನಿಂತಿತ್ತು. "ಈಗ ನೋಡಿ, ಇದು ಹೊಲಿಗೆ!" ಎಂದು ಸಾಹೇಬರೇ ಹೊಗಳಿದರು. ನಾನು ಉಬ್ಬಿಹೋದೆ.

ಐದನೆಯ ಭಾನುವಾರ ದೊಡ್ಡಾಸ್ಪತ್ರೆಯ ನರ್ಸುಗಳ ಹಾಡು. ನಲವತ್ತು ಜನ, ಬಿಳಿ ಸಮವಸ್ತ್ರದಲ್ಲೇ ಬಂದಿದ್ದರು. ನಾಲ್ಕು ಸಾಲಾಗಿ ಪರದೆಯ ಮುಂದೆ ಒತ್ತೊತ್ತಾಗಿ ನಿಂತರು. ಅವರನ್ನು ಹಾಡಿಸುವವರು ಹಿರಿಯ ಸಿಸ್ಟರ್ ಒಬ್ಬರು, ಕೈಯೆತ್ತಿದರೆ ನಲವತ್ತು ಜನವೂ ಉಸಿರು ಹಿಡಿಯುವಂಥವರು. ಹುಲ್ಲಿನ ಮೇಲೆ ಸಾವಿರ ಜನವಾದರೂ ಇದ್ದರು. ನಾನು ಮುಂದಿನ ಸಾಲಿನ ತುದಿಯಲ್ಲಿ, ತೊಡೆಯ ಮೇಲೆ ರಿಪೇರಿ ಚೀಲ ಇಟ್ಟುಕೊಂಡು ಕೂತಿದ್ದೆ. ಸೂಜಿ, ದಾರ, ದೊಡ್ಡ ಕತ್ತರಿ, ಇಷ್ಟು ಅದರಲ್ಲಿ ಯಾವಾಗಲೂ ಇರುತ್ತವೆ.

ಮೂರನೆಯ ಹಾಡಿಗೆ ಎಲೆಗಳ ಬೆನ್ನು ಕಂಡಿತು.

ಏನಿಲ್ಲ, ಸಂಜೆಯ ಗಾಳಿ, ನಿಂತುಹೋಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಐಸ್‌ಕ್ರೀಮಿನ ಕಾಗದಗಳೆಲ್ಲ ಎದ್ದು ಒಂದರ ಹಿಂದೊಂದು ವೇದಿಕೆಯ ಕಡೆಯಿಂದ ನಮ್ಮತ್ತ ಓಡಿಬಂದವು. ಪರದೆಯ ಅಂಚಿನಲ್ಲಿ ಕಂಬದ ಹಿಂದೆ ನಮ್ಮವರ ಮೊಣಕಾಲು, ಸ್ಟೂಲಿನ ಒಂದು ಕಾಲು ನನಗೆ ಕಾಣುತ್ತಿತ್ತು. ಮೊಣಕಾಲು ಅಲ್ಲಾಡಲಿಲ್ಲ. ಅವರು ಕಾಯುತ್ತಿದ್ದರು. ಹರಿಯುತ್ತದೆ ಎಂದು ಅವರಿಗೆ ಖಾತ್ರಿಯಿತ್ತು. ಹರಿಯುವುದಿಲ್ಲ ಎಂದು ಸಾವಿರ ಜನರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಪರದೆಗೆ ಹೊಟ್ಟೆ ಬಂತು. ಹಿಂದಿನ ಸಾಲಿನ ನರ್ಸುಗಳ ಬೆನ್ನಿಗೆ ಬಟ್ಟೆ ತಾಗಿ ಅವರು ಅರ್ಧ ಹೆಜ್ಜೆ ಮುಂದೆ ಸರಿದು ತಮ್ಮ ತಮ್ಮಲ್ಲೇ ನಕ್ಕರು. ನಾನು ಎಣಿಸತೊಡಗಿದೆ. ಒಂದು, ಎರಡು, ಮೂರು. ಹತ್ತಾಯಿತು. ಹರಿಯಲಿಲ್ಲ. ಗಾಳಿ ಸ್ವಲ್ಪ ತಗ್ಗಿತು. ದೇವರೇ, ನಿಂತಿತು ಎಂದುಕೊಂಡೆ. ಮತ್ತೆ ಬಂತು, ಈ ಸಲ ಗೂಟದ ಹಗ್ಗ ಕಿರ್ರೆನ್ನುವಷ್ಟು. ಏಳಬೇಕು ಎಂದು ಗೊತ್ತು. ಎದ್ದರೆ ಹೇಳಬೇಕು, ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ, ಅವರಿಗೂ ತಿಳಿಯುತ್ತದೆ. ನಾಚಿಕೆಗೆಟ್ಟವಳು ನಾನು, ಒಂದು ಇಡೀ ಹಾಡು ಮುಗಿಯುವವರೆಗೆ ಕೂತೇ ಇದ್ದೆ.

ಜನ ಚಪ್ಪಾಳೆ ತಟ್ಟುವಾಗ ಎಡಗಂಬದ ತುದಿ ಮುಂದಕ್ಕೆ ಬಾಗಿದ್ದು ಕಂಡಿತು. ಒಂದು ಗೇಣಷ್ಟೇ. ನಾನು ಓಡಿದೆ.

ಅವರು ಸ್ಟೂಲಿನಿಂದ ಎದ್ದು ನಿಂತು ಮೇಲೆ ನೋಡುತ್ತಿದ್ದರು. ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಗೊಂದಲ, ಗೊತ್ತಿರುವ ದಾರಿಯಲ್ಲಿ ಮನೆ ಸಿಗದವರ ಹಾಗೆ.

"ಇಷ್ಟೊತ್ತಿಗೆ ಹರೀಬೇಕಿತ್ತಲ್ಲ" ಅಂದರು ನನ್ನನ್ನು ನೋಡದೆಯೇ. "ಇರು, ಇನ್ನೇನು ಹರಿಯತ್ತೆ. ನೀನ್ಯಾಕೆ ಇಲ್ಲಿಗೆ ಬಂದೆ? ದೂರ ಹೋಗು."

"ಹರಿಯಲ್ಲ ರೀ."

"ಏನು?"

"ಒಳಗಡೆ ನೈಲಾನ್ ಪಟ್ಟಿ ಇಟ್ಟಿದ್ದೀನಿ. ಮೂರು ಸಾಲು ಹೊಲಿದಿದ್ದೀನಿ. ಎಂಟಕ್ಕೂ."

ಅವರು ತಿರುಗಿ ನನ್ನ ಮುಖ ನೋಡಿದರು. ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಹೇಗೆ ಹೆದರಿದ್ದಿರಬಹುದು ಎಂದು ನನಗೆ ಆಗ ತಿಳಿಯಿತು.

"ಕತ್ತರಿ ಇದೆಯಾ?"

"ಇದೆ."

"ಕೊಡು. ಹೋಗಿ ಅವರನ್ನೆಲ್ಲ ಇಳಿಸು."

ಕತ್ತರಿ ತೆಗೆದುಕೊಂಡು ಅವರು ಏಣಿಯನ್ನು ಆ ಬಾಗಿದ ಕಂಬಕ್ಕೇ ಒರಗಿಸಿದರು. ತುಸು ಗಾಳಿಯಿದ್ದರೂ ಏಣಿಯ ಮೊದಲ ಮೆಟ್ಟಿಲು ತುಳಿಯದ ಮನುಷ್ಯ ಹತ್ತತೊಡಗಿದರು. "ರೀ, ಬೇಡ ರೀ" ಎಂದು ಕೂಗಿದೆ. ಅವರು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿದರೂ ನಿಲ್ಲಲಿಲ್ಲ.

ನಾನು ವೇದಿಕೆ ಹತ್ತಿದೆ. ಹುಟ್ಟಿದಾಗಿನಿಂದ ನಾಲ್ಕು ಜನರ ಮುಂದೆ ನಿಂತು ಮಾತಾಡಿದವಳಲ್ಲ. ಮೈಕಿನ ಮುಂದೆ ನಿಂತರೆ ಬಾಯಿಂದ ಮೊದಲು ಬರೀ ಗಾಳಿ ಬಂತು. ಆಮೇಲೆ, "ಇಳೀರಿ! ಎಲ್ಲಾರೂ ಇಳೀರಿ! ಕಂಬ ಬೀಳತ್ತೆ!" ಎಂದು ಕಿರುಚಿದೆ. ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕದಲಲಿಲ್ಲ. ಮುಂದಿನ ಸಾಲಿನಿಂದ ಸಾಹೇಬರು ಎದ್ದು, "ಏನಮ್ಮಾ ಇದು? ಗಂಡನ ಪುಕ್ಕಲು ನಿಂಗೂ ಅಂಟ್ಕೊಂಡಿತಾ? ಕೆಳಗಿಳಿ!" ಎಂದು ಗದರಿದರು. ಜನ ನಕ್ಕರು. ಮತ್ತದೇ ನಗು.

ಆ ನಗುವಿಗೆ ಹೆದರಿಯೇ ಅಲ್ಲವೇ ನಾನು ಮೂರು ಸಾಲು ಹಾಕಿದ್ದು!

"ಈ ಬಟ್ಟೆ ಹೊಲಿದವಳು ನಾನು" ಅಂದೆ. ಮೈಕಿನಲ್ಲಿ ನನ್ನ ದನಿ ಇಡೀ ಪಾರ್ಕಿಗೆ ಕೇಳಿತು. "ಗಾಳಿಗೆ ಹರಿದುಹೋಗೋ ಹಾಗೆ ಹೊಲೀಬೇಕಿತ್ತು. ನೀವು ನಗ್ತೀರಿ ಅಂತ ನಮ್ಮವರಿಗೂ ಗೊತ್ತಾಗದ ಹಾಗೆ ಗಟ್ಟಿಯಾಗಿ ಹೊಲಿದುಬಿಟ್ಟೆ. ಇದು ಹರಿಯಲ್ಲ, ಕಂಬಾನೇ ಬೀಳತ್ತೆ. ದಮ್ಮಯ್ಯ, ಇಳೀರಿ."

ಹಿರಿಯ ಸಿಸ್ಟರ್ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಸುಳ್ಳು ಹೇಳುವ ರೋಗಿ ಯಾರು, ನಿಜ ಹೇಳುವವರು ಯಾರು ಎಂದು ನೋಡಿ ನೋಡಿ ಪಳಗಿದ ಕಣ್ಣು. ಕೈಯೆತ್ತಿ, "ಹಿಂದಿನ ಸಾಲು ಮೊದಲು. ಓಡಬೇಡಿ, ಬಲಗಡೆಯಿಂದ ಇಳೀರಿ" ಅಂದರು. ನಲವತ್ತು ಜನ ನೂಕುನುಗ್ಗಲಿಲ್ಲದೆ ಇಳಿದರು. ಕೊನೆಯಲ್ಲಿ ಸಿಸ್ಟರ್ ನನ್ನ ತೋಳು ಹಿಡಿದು ಎಳೆದುಕೊಂಡೇ ಇಳಿದರು. ನನ್ನ ಕಣ್ಣೆಲ್ಲ ಕಂಬದ ಮೇಲೆ. ನಮ್ಮವರು ಒಂದು ಕೈಯಲ್ಲಿ ಏಣಿ ತಬ್ಬಿಕೊಂಡು, ಇನ್ನೊಂದರಲ್ಲಿ ಕುಣಿಕೆಗಳನ್ನು ಕಂಬಕ್ಕೆ ಕಟ್ಟಿದ್ದ ಹಗ್ಗಗಳನ್ನು ಕತ್ತರಿಸುತ್ತಿದ್ದರು. ಮೇಲಿನದು ಹೋಯಿತು. ಎರಡನೆಯದು. ಮೂರು. ನಾಲ್ಕು. ಐದನೆಯದಕ್ಕೆ ಕತ್ತರಿ ಹಾಕಿದಾಗ ಗೂಟ ನೆಲದಿಂದ ಕಿತ್ತು ಬಂತು.

ಕಂಬ, ಏಣಿ, ಪರದೆ, ಅವರು, ಎಲ್ಲ ಒಟ್ಟಿಗೆ ಬಿದ್ದವು. ಕಂಬ ಸರಿಯಾಗಿ ನರ್ಸುಗಳ ಎರಡನೆಯ ಸಾಲು ನಿಂತಿದ್ದ ಜಾಗದ ಮೇಲೆ ಅಡ್ಡಲಾಗಿ ಬಿತ್ತು. ಬಟ್ಟೆ ಅದರ ಮೇಲೆ ಹರಡಿಕೊಂಡಿತು. ಅದರ ಕೆಳಗೆ ಅವರಿದ್ದರು. ಬಟ್ಟೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಬಟ್ಟೆಯನ್ನು ಎಳೆದೆಳೆದು ಬದಿಗೆ ಹಾಕಿದರೂ ಮುಗಿಯಲೊಲ್ಲದು, ನಾನೇ ಹೊಲಿದ ನಲವತ್ತಡಿ. ಕೊನೆಗೆ ಒಂದು ಕೈ ಕಂಡಿತು. ಹಿಡಿದೆ. ಬೆಚ್ಚಗಿತ್ತು.

"ಎಲ್ಲಾರೂ ಇಳಿದ್ರಾ?" ಎಂದು ಒಳಗಿನಿಂದ ಕೇಳಿದರು.

ಕಾಲರ್ ಮೂಳೆ ಮುರಿದಿತ್ತು, ಬಲಗೈ ಮಣಿಕಟ್ಟಿಗೆ ಎರಡು ಕಡೆ ಬಿರುಕು. ಏಣಿ ಕಂಬಕ್ಕೆ ಅಡ್ಡವಾಗಿ ಬಿದ್ದು ಅದನ್ನು ತಡೆದದ್ದಕ್ಕೆ ಅಷ್ಟರಲ್ಲೇ ಉಳಿದರು. ಒಬ್ಬ ರೋಗಿಗೆ ನಲವತ್ತು ನರ್ಸುಗಳು. ಅಂದು ಸಂಜೆ ಊರಿನ ಯಾವ ಸಿರಿವಂತನಿಗೂ ಅಂಥ ಆರೈಕೆ ಸಿಕ್ಕಿರಲಿಕ್ಕಿಲ್ಲ. ಒಬ್ಬರು ತಲೆ ಹಿಡಿದರೆ ಒಬ್ಬರು ನಾಡಿ ಹಿಡಿದರು, ಇನ್ನೊಬ್ಬರು ನನ್ನನ್ನು ಹಿಡಿದುಕೊಂಡರು.

ಸಾಹೇಬರು ಆಸ್ಪತ್ರೆಗೆ ಬಂದು ಹೋದರು. ಪಾರ್ಕಿನ ಕೆಲಸದವರು ಸರದಿಯಲ್ಲಿ ಬಂದು ಹಾಸಿಗೆಯ ಸುತ್ತ ನಿಂತು, "ಮೇಸ್ತ್ರಿ, ಮೇಸ್ತ್ರಿ" ಎಂದು ಮಾತಾಡಿಸಿದರು. ಅದರ ಹಿಂದಿನ ಪದವನ್ನು ಯಾರೂ ಆಡಲಿಲ್ಲ. ಅವರೆಲ್ಲ ಹೋದ ಮೇಲೆ ನಾನೇ ಬಾಯಿ ಬಿಟ್ಟೆ.

"ಯಾಕೆ ಹಾಗೆ ಮಾಡ್ದೆ ಅಂತ ಕೇಳಲ್ವಾ ನೀವು?"

"ಮೈಕಿನಲ್ಲಿ ಹೇಳಿದ್ಯಲ್ಲ. ಕೇಳಿಸ್ತು."

"ಬೈದುಬಿಡ್ರೀ ಒಂದ್ಸಲ."

ಅವರು ಮಾಡಿನ ಫ್ಯಾನನ್ನೇ ನೋಡುತ್ತಿದ್ದರು. "ನಗೋರು ನಗ್ತಿರ್ಲಿ ಕಣೇ. ನಕ್ಕೊಂಡು ಮನೆಗೆ ಹೋಗ್ತಾರಲ್ಲ, ಅಷ್ಟು ಸಾಕು" ಅಂದರು. ಆಮೇಲೆ, "ಈ ಮಂಚಾನ ಸ್ವಲ್ಪ ಆಕಡೆ ಎಳಿ. ಫ್ಯಾನು ಸರಿಯಾಗಿ ನನ್ನ ತಲೆ ಮೇಲೇ ಇದೆ."

ಮೂರು ತಿಂಗಳಿಗೆ ಅವರು ಮತ್ತೆ ಕೆಲಸಕ್ಕೆ ಹೊರಟರು. ಎಂಟು ಕುಣಿಕೆಗಳನ್ನೂ ನಾನು ಬಿಚ್ಚಿ, ನೈಲಾನ್ ಪಟ್ಟಿ ಕಿತ್ತೆಸೆದು, ಹತ್ತಿ ದಾರದಲ್ಲಿ ಒಂದೇ ಸಾಲು ಹಾಕಿದೆ. ನೂರು ವರ್ಷ ಬದುಕಿದರೂ ಎರಡನೆಯ ಸಾಲು ಹಾಕುವವಳಲ್ಲ. ಅದು ಅವರಿಗೂ ಗೊತ್ತು. ಮನೆಯಲ್ಲಿ ಮೊದಲಿನ ಹಾಗೇ ಮಾತು, ಮೊದಲಿನ ಹಾಗೇ ತಮಾಷೆ. ಒಂದು ದಿನವೂ ಆ ವಿಷಯ ಎತ್ತಿ ಚುಚ್ಚಿದವರಲ್ಲ.

ಆದರೆ ಈಗ ಪರದೆ ಹೊರಡುವ ಮುಂಚೆ ಅವರು ಚಾಪೆಯ ಮೇಲೆ ಕೂತು ಎಂಟು ಕುಣಿಕೆಗಳನ್ನೂ ಒಂದೊಂದಾಗಿ ಕೈಗೆ ತೆಗೆದುಕೊಳ್ಳುತ್ತಾರೆ. ಬಲಗೈ ಇನ್ನೂ ಪೂರ್ತಿ ಮಡಚುವುದಿಲ್ಲ, ಆದ್ದರಿಂದ ಎಡಗೈಯಲ್ಲಿ ಹಿಡಿದು, ಪಾದದಲ್ಲಿ ಬಟ್ಟೆ ಒತ್ತಿಕೊಂಡು, ದಾರ ಚುಯ್ ಎನ್ನುವವರೆಗೆ ಎಳೆದು ನೋಡುತ್ತಾರೆ. ಆಗ ನನ್ನ ಮುಖ ನೋಡುವುದಿಲ್ಲ. ನಾನೂ ಅಡುಗೆಮನೆಯಲ್ಲಿ ಏನೋ ಕೆಲಸವಿರುವವಳ ಹಾಗೆ ಒಲೆಯ ಕಡೆ ತಿರುಗಿ ನಿಂತು, ಮನಸ್ಸಿನಲ್ಲೇ ಎಂಟರವರೆಗೆ ಎಣಿಸುತ್ತೇನೆ. ಎಂಟನೆಯದೂ ಆದ ಮೇಲೆ ಅವರು "ಸರಿ ಇದೆ" ಅನ್ನುತ್ತಾರೆ. ಆ ಮಾತನ್ನು ಅವರು ಮೊದಲು ಎಳೆಯದೆಯೇ ಹೇಳುತ್ತಿದ್ದರು.